ಗಡ್ಡೆಯ ಅಂಗಾಂಶ ಕಾಪಿಡುವ ಮೂರು ಸೇವೆಗಳು: ಯಾವುದನ್ನು ನಂಬಬಹುದು, ಯಾವುದು ಎಲ್ಲಿ ಕೈಕೊಡುತ್ತದೆ

ಕ್ಯಾನ್ಸರ್ ಆಪರೇಷನ್ನಿಗೆ ದಿನ ಗೊತ್ತಾದಾಗ ಮನೆಯವರು ರಜೆ, ರಕ್ತ, ಹಣ, ರಾತ್ರಿ ಜೊತೆಗಿರುವವರು ಯಾರು ಎಂಬುದನ್ನೆಲ್ಲ ಹೊಂದಿಸುತ್ತಾರೆ. ಹೊರತೆಗೆದ ಗಡ್ಡೆ ಆಮೇಲೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಮುಂದೆ ಎಂದಾದರೂ ರೋಗ ಮರುಕಳಿಸಿ ಹೊಸ ಔಷಧಿಗಾಗಿ ಜೀನ್ ಪರೀಕ್ಷೆ ಬೇಕಾದಾಗ, ಅಥವಾ ಹೊಸ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ಗೆ ಸೇರಲು ಹೊರಟಾಗ, ವೈದ್ಯರು ಮೊದಲು ಕೇಳುವುದೇ ಇದು: ಗಡ್ಡೆಯ ತುಂಡು ಉಳಿದಿದೆಯೇ, ಯಾವ ರೂಪದಲ್ಲಿ ಉಳಿದಿದೆ?

ಅದನ್ನು ಉಳಿಸಿಡಲು ಇರುವ ವ್ಯವಸ್ಥೆಗಳು ಮೂರು. ಅಂಗಾಂಶ ಪರೀಕ್ಷಿಸಿ ರೋಗ ಗುರುತಿಸುವ ಆಸ್ಪತ್ರೆಯ ಪೆಥಾಲಜಿ ವಿಭಾಗ ತನ್ನ ಕೆಲಸದ ಭಾಗವಾಗಿಯೇ ಇಟ್ಟುಕೊಳ್ಳುವ ಮೇಣದ ಬ್ಲಾಕ್‌ಗಳು ಮೊದಲನೆಯದು. ಸಂಶೋಧನೆಗೆಂದು ಮಾದರಿ ಸಂಗ್ರಹಿಸುವ ಬಯೋಬ್ಯಾಂಕ್ ಎರಡನೆಯದು. ರೋಗಿಯ ಹೆಸರಿನಲ್ಲೇ, ರೋಗಿಯ ಖರ್ಚಿನಲ್ಲಿ ಅಂಗಾಂಶವನ್ನು ಹೆಪ್ಪುಗಟ್ಟಿಸಿ ಇಡುವ ಖಾಸಗಿ ಸಂಸ್ಥೆಗಳು ಮೂರನೆಯದು. ಮೂರನ್ನೂ ಒಂದೇ ಅಳತೆಯಲ್ಲಿ ನೋಡಿದ್ದೇವೆ: ಮುಂದೊಂದು ದಿನ ಈ ರೋಗಿಯ ಚಿಕಿತ್ಸೆಗೆ ಆ ತುಂಡು ನಿಜವಾಗಿ ಉಪಯೋಗಕ್ಕೆ ಬರುತ್ತದೆಯೇ?

ತೀರ್ಮಾನವನ್ನು ಮೊದಲೇ ಹೇಳುತ್ತೇವೆ. ಬಹುಪಾಲು ರೋಗಿಗಳಿಗೆ ಮೇಣದ ಬ್ಲಾಕೇ ಅತ್ಯುತ್ತಮ ಸೇವೆ. ಅದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ, ಆದರೆ ಅದನ್ನು ಸರಿಯಾಗಿ ಮಾಡಿಸಿಕೊಳ್ಳುವುದು, ಖರ್ಚಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲೂ ಇದೆ. ಖಾಸಗಿ ಶೀತಲ ಸಂಗ್ರಹ ಕೆಲವರಿಗೆ ಮಾತ್ರ ಅರ್ಥಪೂರ್ಣ, ಅದೂ ಆಪರೇಷನ್ನಿಗೆ ಮೊದಲೇ ಎಲ್ಲರೊಂದಿಗೆ ಮಾತಾಗಿದ್ದರೆ. ಈ ಸೇವೆಗಳ ಗುಣಮಟ್ಟ ತೀರ್ಮಾನವಾಗುವುದು ಗಡ್ಡೆಗೆ ರಕ್ತ ಹರಿಯುವುದು ನಿಂತ ಮೇಲಿನ ಮೊದಲ ಒಂದು ಗಂಟೆಯಲ್ಲಿ. ಹೆಪ್ಪುಗಟ್ಟಿಸಿಡುವ ನೈಟ್ರೋಜನ್ ಟ್ಯಾಂಕ್ ಎಷ್ಟು ದೊಡ್ಡದು ಎಂಬುದು ಆಮೇಲಿನ ಮಾತು.

ಆಸ್ಪತ್ರೆಯ ಮೇಣದ ಬ್ಲಾಕ್

ಗಡ್ಡೆ ಪೆಥಾಲಜಿಗೆ ಬಂದ ಮೇಲೆ ಅದನ್ನು ಅಳೆದು, ಅಂಚುಗಳಿಗೆ ಬಣ್ಣ ಹಚ್ಚಿ, ಹೋಳು ಮಾಡಿ, ಅಂಗಾಂಶ ಕೊಳೆಯದಂತೆ ತಡೆಯುವ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ ನೆನೆಸುತ್ತಾರೆ. ಆಯ್ದ ಭಾಗಗಳನ್ನು ಪುಟ್ಟ ಪ್ಲಾಸ್ಟಿಕ್ ಕ್ಯಾಸೆಟ್‌ಗಳಲ್ಲಿ ಹಾಕಿ, ನೀರಿನಂಶ ತೆಗೆದು, ಕರಗಿದ ಪ್ಯಾರಾಫಿನ್ ಮೇಣ ತುಂಬಿ ಗಟ್ಟಿಯಾಗಿಸುತ್ತಾರೆ. ಆ ಗಟ್ಟಿ ಚೌಕವೇ ಬ್ಲಾಕ್. ಅದರಿಂದ 4–5 ಮೈಕ್ರಾನ್ ದಪ್ಪದ ಪದರಗಳನ್ನು ಕತ್ತರಿಸಿ ಸ್ಲೈಡಿಗೆ ಅಂಟಿಸುತ್ತಾರೆ. ಕೋಣೆಯ ಉಷ್ಣತೆಯಲ್ಲೇ ವರ್ಷಗಟ್ಟಲೆ ಉಳಿಯುತ್ತದೆ, ಕರೆಂಟ್ ಹೋದರೂ ಹಾಳಾಗುವುದಿಲ್ಲ. ಯಾವ ಔಷಧಿ ಕೆಲಸ ಮಾಡಬಹುದು ಎಂದು ತಿಳಿಯಲು ನೋಡುವ ಹಾರ್ಮೋನ್ ರಿಸೆಪ್ಟರ್, ಹರ್2, ಪಿಡಿ-ಎಲ್1, ಮಿಸ್‌ಮ್ಯಾಚ್ ರಿಪೇರ್ ಪ್ರೋಟೀನುಗಳ ಪರೀಕ್ಷೆ, ಜೀನ್‌ಗಳನ್ನು ಹೊಳೆಯುವ ಬಣ್ಣದಿಂದ ಗುರುತಿಸುವ ಫಿಶ್ ಪರೀಕ್ಷೆ, ನೂರಾರು ಜೀನ್‌ಗಳನ್ನು ಒಟ್ಟಿಗೆ ನೋಡುವ ಎನ್‌ಜಿಎಸ್ ಪ್ಯಾನೆಲ್ ಇವೆಲ್ಲ ಇದೇ ಬ್ಲಾಕ್‌ನಿಂದ ನಡೆಯುತ್ತವೆ. ದಿನನಿತ್ಯದ ಕ್ಯಾನ್ಸರ್ ಚಿಕಿತ್ಸೆ ಇಂದಿಗೂ ಮೇಣದ ಮೇಲೆ ನಿಂತಿದೆ.

ಇಷ್ಟು ಒಳ್ಳೆಯ ವ್ಯವಸ್ಥೆ ಕೆಡುವುದು ಮೂರು ಕಡೆ.

ಮೊದಲನೆಯದು ಫಾರ್ಮಲಿನ್ ಹಂತ. ಫಾರ್ಮಲಿನ್ ಅಂಗಾಂಶದೊಳಗೆ ಗಂಟೆಗೆ ಸುಮಾರು 1 ಮಿಲಿಮೀಟರ್ ವೇಗದಲ್ಲಿ ಮಾತ್ರ ಇಳಿಯುತ್ತದೆ. ದೊಡ್ಡ ಗಡ್ಡೆಯನ್ನು ಕೊಯ್ಯದೆ ಇಡಿಯಾಗಿ ಡಬ್ಬಿಗೆ ಹಾಕಿ ಬಿಟ್ಟರೆ ಮೇಲ್ಮೈ ಗಟ್ಟಿಯಾಗಿ ಒಳಭಾಗ ಕೊಳೆಯತೊಡಗುತ್ತದೆ. ಅದಕ್ಕೇ ಬೇಗ ಹೋಳು ಮಾಡಬೇಕು, ಹೋಳು 5 ಮಿಲಿಮೀಟರ್ ಮೀರಬಾರದು, ಫಾರ್ಮಲಿನ್ ಪ್ರಮಾಣ ಅಂಗಾಂಶದ ಹತ್ತು ಪಟ್ಟಾದರೂ ಇರಬೇಕು. ಚಿಕ್ಕ ಡಬ್ಬಿಗೆ ದೊಡ್ಡ ಗಡ್ಡೆಯನ್ನು ತುರುಕಿ ಮೇಲೆ ಎರಡು ಚಮಚ ಫಾರ್ಮಲಿನ್ ಸುರಿದರೆ ಅದು ಸಂರಕ್ಷಣೆ ಅಲ್ಲ. ಸ್ತನ ಕ್ಯಾನ್ಸರ್‌ನ ಹಾರ್ಮೋನ್ ಮತ್ತು ಹರ್2 ಪರೀಕ್ಷೆಗಳಿಗೆ ಅಮೆರಿಕದ ಆಂಕಾಲಜಿ (ಕ್ಯಾನ್ಸರ್ ಚಿಕಿತ್ಸೆ) ಹಾಗೂ ಪೆಥಾಲಜಿ ತಜ್ಞರ ಸಂಘಗಳು ಒಟ್ಟಾಗಿ ಕೊಟ್ಟ ಮಾರ್ಗಸೂಚಿ ಸ್ಪಷ್ಟವಾಗಿದೆ: ಗಡ್ಡೆ ಹೊರಬಂದ 1 ಗಂಟೆಯೊಳಗೆ ಫಾರ್ಮಲಿನ್ ಸೇರಬೇಕು, ಅದರಲ್ಲಿ 6 ಗಂಟೆಗಿಂತ ಕಡಿಮೆ ಇರಬಾರದು, 72 ಗಂಟೆ ಮೀರಬಾರದು. ಬೇರೆ ಗಡ್ಡೆಗಳಿಗೂ ಇದೇ ಅಳತೆಯನ್ನು ಇಟ್ಟುಕೊಂಡರೆ ನಷ್ಟವಿಲ್ಲ. ಕಡಿಮೆಯಾದರೆ ಬಣ್ಣದ ಪರೀಕ್ಷೆಗಳು ತಪ್ಪು ಉತ್ತರ ಕೊಡಬಹುದು. ಹೆಚ್ಚಾದರೆ ಡಿಎನ್‌ಎ ಚೂರುಚೂರಾಗುತ್ತದೆ, ಅದರ ಸಂಕೇತದ ಅಕ್ಷರಗಳೂ (ಎ, ಸಿ, ಜಿ, ಟಿ) ಬದಲಾಗುತ್ತವೆ. ಸಿ ಇದ್ದಲ್ಲಿ ಟಿ ಎಂದು ಓದಿಸಿಕೊಳ್ಳುವುದು ಫಾರ್ಮಲಿನ್ ಮಾಡುವ ಪ್ರಸಿದ್ಧ ಹಾನಿ. ವಾರಾಂತ್ಯ ಅಥವಾ ಸಾಲು ರಜೆಯ ಹಿಂದಿನ ಸಂಜೆಯ ಆಪರೇಷನ್‌ಗಳಲ್ಲಿ 72 ಗಂಟೆ ಮೀರುವುದು ಸುಲಭ. ಹಾಗಾಗಿ ದಿನ ಗೊತ್ತು ಮಾಡುವಾಗಲೇ "ಮಾರನೇ ದಿನ ಲ್ಯಾಬ್ ಕೆಲಸ ಮಾಡುತ್ತದೆಯೇ?" ಎಂದು ಕೇಳಿ.

ಮೂಳೆಗೆ ಹರಡಿದ ಗಡ್ಡೆಯ ಮಾತು ಬೇರೆ. ಮೂಳೆಯ ಸುಣ್ಣದಂಶ ತೆಗೆಯಲು ಕೆಲವು ಲ್ಯಾಬ್‌ಗಳು ಬಲವಾದ ಆಮ್ಲ ಬಳಸುತ್ತವೆ. ಕೆಲಸ ಬೇಗ ಮುಗಿಯುತ್ತದೆ, ಆದರೆ ಡಿಎನ್‌ಎ ಸತ್ತುಹೋಗುತ್ತದೆ. ಇಡಿಟಿಎ ದ್ರಾವಣ ನಿಧಾನ, ಡಿಎನ್‌ಎ ಉಳಿಸುತ್ತದೆ. ಮೂಳೆ ಬಯಾಪ್ಸಿ ಇದ್ದರೆ "ಜೀನ್ ಪರೀಕ್ಷೆ ಬೇಕಾಗಬಹುದು, ದಯವಿಟ್ಟು ಇಡಿಟಿಎ ಬಳಸಿ" ಎಂಬ ಒಂದು ಸಾಲನ್ನು ಬಯಾಪ್ಸಿ ಫಾರ್ಮಿನಲ್ಲೇ ಬರೆಸಿ. ಗಡ್ಡೆಯ ಮೆತ್ತನೆಯ ಭಾಗವನ್ನು ಪ್ರತ್ಯೇಕಿಸಿ, ಸುಣ್ಣ ತೆಗೆಯುವ ದ್ರಾವಣಕ್ಕೆ ಹಾಕದೆಯೇ ಬ್ಲಾಕ್ ಮಾಡಲು ಸಾಧ್ಯವಿದ್ದರೆ ಅದು ಇನ್ನೂ ಒಳ್ಳೆಯದು.

ಕೆಡುವ ಎರಡನೇ ಜಾಗ: ಬ್ಲಾಕ್ ಮುಗಿದುಹೋಗುವುದು. ಇದು ಯಾರಿಗೂ ಹೊಳೆಯುವುದಿಲ್ಲ, ಆದರೆ ಸೂಜಿ ಬಯಾಪ್ಸಿಗಳಲ್ಲಿ ದಿನವೂ ಆಗುತ್ತದೆ. ಜೀನ್ ಪ್ಯಾನೆಲ್ ಒಂದಕ್ಕೆ ಸಾಮಾನ್ಯವಾಗಿ ಬಣ್ಣ ಹಾಕದ 10ರಿಂದ 20 ಸ್ಲೈಡ್ ಕೇಳುತ್ತಾರೆ, ಅವುಗಳಲ್ಲಿ ಗಡ್ಡೆಯ ಕೋಶಗಳು 20 ಪ್ರತಿಶತವಾದರೂ ಇರಬೇಕೆನ್ನುತ್ತಾರೆ. ಎಳೆಯಂತಿರುವ ಬಯಾಪ್ಸಿ ತುಂಡಿನಲ್ಲಿ ಅಷ್ಟೆಲ್ಲ ಪದರಗಳಿರುವುದಿಲ್ಲ. ಅದಕ್ಕೂ ಮಿಗಿಲಾಗಿ, ಬ್ಲಾಕನ್ನು ಪ್ರತಿ ಸಲ ಮೈಕ್ರೋಟೋಮ್ ಯಂತ್ರಕ್ಕೆ ಕೂರಿಸಿ ಮೇಲ್ಮೈ ಸಮ ಮಾಡುವಾಗ ಹಲವು ಪದರ ಸುಮ್ಮನೆ ಕಸಕ್ಕೆ ಹೋಗುತ್ತವೆ. ನಾಲ್ಕು ಪರೀಕ್ಷೆಗೆ ನಾಲ್ಕು ಸಲ ಕತ್ತರಿಸುವುದಕ್ಕಿಂತ, ಬೇಕಾದದ್ದನ್ನೆಲ್ಲ ಮೊದಲೇ ಯೋಚಿಸಿ ಒಂದೇ ಸಲ ಕತ್ತರಿಸಿದರೆ ಬ್ಲಾಕ್ ಉಳಿಯುತ್ತದೆ. ಹಾಗಂತ ವರ್ಷಗಳ ಮುಂಚೆಯೇ ಸ್ಲೈಡ್ ಮಾಡಿಟ್ಟುಕೊಳ್ಳುವುದೂ ಸರಿಯಲ್ಲ. ಕತ್ತರಿಸಿದ ಪದರ ಗಾಳಿಗೆ ತೆರೆದುಕೊಂಡು ತಿಂಗಳುಗಳಲ್ಲೇ ಕೆಲವು ಪ್ರೋಟೀನುಗಳ ಗುರುತು ಕಳೆದುಕೊಳ್ಳುತ್ತದೆ. ಉಳಿಸಬೇಕಾದದ್ದು ಬ್ಲಾಕ್, ಸ್ಲೈಡಲ್ಲ.

ಸೂಜಿ ಬಯಾಪ್ಸಿಗೆ ಹೋಗುವ ಮುನ್ನ ಎರಡು ಮಾತು ಹೇಳಿಡಿ. ಒಂದು, ಅಪಾಯವಿಲ್ಲದಿದ್ದರೆ ಒಂದೆರಡು ಎಳೆ ಹೆಚ್ಚು ತೆಗೆಯಲಿ. ಎರಡು, ಎಲ್ಲ ಎಳೆಗಳನ್ನೂ ಒಂದೇ ಬ್ಲಾಕಿಗೆ ಸೇರಿಸದೆ ಎರಡು ಮೂರು ಬ್ಲಾಕ್‌ಗಳಿಗೆ ಹಂಚಲಿ. ಹೀಗೆ ಮಾಡಿದರೆ ಒಂದು ಬ್ಲಾಕ್ ರೋಗನಿರ್ಣಯಕ್ಕೆ ಖರ್ಚಾದರೂ ಇನ್ನೊಂದು ಮುಟ್ಟದೆ ಉಳಿಯುತ್ತದೆ. ಕೀಮೋ ಕೊಟ್ಟು ಆಮೇಲೆ ಆಪರೇಷನ್ ಮಾಡುವ ಯೋಜನೆ ಇದ್ದವರಿಗೆ ಇದು ಇನ್ನೂ ಮುಖ್ಯ. ಕೀಮೋ ಚೆನ್ನಾಗಿ ಕೆಲಸ ಮಾಡಿದರೆ ಆಪರೇಷನ್ ಹೊತ್ತಿಗೆ ಗಡ್ಡೆಯೇ ಉಳಿಯದೆ ಹೋಗಬಹುದು. ಅದು ಸಂತೋಷದ ಸುದ್ದಿ, ಆದರೆ ಆಗ ಕೈಯಲ್ಲಿರುವುದು ಆ ಮೊದಲ ಬಯಾಪ್ಸಿ ಮಾತ್ರ.

ಮೂರನೆಯದು ಅವಧಿ. ಬ್ಲಾಕ್‌ಗಳನ್ನು ಎಷ್ಟು ವರ್ಷ ಇಡಬೇಕೆಂಬ ನಿಯಮ ದೇಶದಿಂದ ದೇಶಕ್ಕೆ, ಕೆಲವೊಮ್ಮೆ ಲ್ಯಾಬ್‌ನಿಂದ ಲ್ಯಾಬ್‌ಗೆ ಬೇರೆ. ಕಾಲೇಜ್ ಆಫ್ ಅಮೆರಿಕನ್ ಪೆಥಾಲಜಿಸ್ಟ್ಸ್ ಬ್ಲಾಕ್‌ಗಳಿಗೆ ಕನಿಷ್ಠ 10 ವರ್ಷ ಎನ್ನುತ್ತದೆ. ಬ್ಲಾಕ್ ಮಾಡಿ ಉಳಿದ, ಡಬ್ಬಿಯಲ್ಲಿ ಫಾರ್ಮಲಿನ್‌ನಲ್ಲೇ ಇರುವ ಹಸಿ ಅಂಗಾಂಶಕ್ಕೆ ಅದು ಹೇಳುವುದು ಅಂತಿಮ ವರದಿ ಬಂದ ಮೇಲೆ 2 ವಾರ ಮಾತ್ರ. ಆಮೇಲೆ ಅದು ಸುಡುವ ತ್ಯಾಜ್ಯ. ಈ ಎರಡು ವಾರಗಳ ಬೆಲೆ ತಿಳಿದವರು ಕಡಿಮೆ. ದೊಡ್ಡ ಗಡ್ಡೆಯಾಗಿದ್ದು ವರದಿಯಲ್ಲಿ ಗಡ್ಡೆಯ ಬ್ಲಾಕ್‌ಗಳು ಎರಡೋ ಮೂರೋ ಮಾತ್ರ ಇದ್ದರೆ, "ಉಳಿದ ಹಸಿ ಅಂಗಾಂಶದಿಂದ ಇನ್ನೆರಡು ಗಡ್ಡೆ ಬ್ಲಾಕ್ ಮಾಡಿಡಿ" ಎಂದು ಆ ಅವಧಿಯೊಳಗೆ ವಿನಂತಿಸಿ. ಲ್ಯಾಬ್‌ಗೆ ಅದು ಸಣ್ಣ ಕೆಲಸ. ಆಪರೇಷನ್ ಮುಗಿದುಹೋಗಿದೆ, ಈಗ ಏನು ಮಾಡುವುದು ಎಂದು ಕೇಳುವವರಿಗೂ ನಮ್ಮ ಮೊದಲ ಉತ್ತರ ಇದೇ.

ವರದಿ ಕೈಗೆ ಬಂದಾಗ ಕೊನೆಯ ಸಾಲಿನ ತೀರ್ಮಾನವನ್ನಷ್ಟೇ ಓದಿ ಮಡಚಿಡಬೇಡಿ. ಮಾದರಿಯ ಸಂಖ್ಯೆ, ಯಾವ ಬ್ಲಾಕಿನಲ್ಲಿ ಏನಿದೆ ಎಂಬ ಪಟ್ಟಿ ಅದರಲ್ಲಿ ಇರುತ್ತದೆ. ಗಡ್ಡೆ ಹೆಚ್ಚಾಗಿರುವ ಬ್ಲಾಕ್ ಯಾವುದು, ಆರೋಗ್ಯವಂತ ಅಂಗಾಂಶ ಇರುವುದು ಯಾವುದು ಎಂದು ಪೆಥಾಲಜಿಸ್ಟರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ವರ್ಷಗಳ ನಂತರ ಬೇರೆ ಆಸ್ಪತ್ರೆಯವರು ಬ್ಲಾಕ್ ತರಿಸಿಕೊಳ್ಳುವಾಗ ಸರಿಯಾದ ಸಂಖ್ಯೆ ಹೇಳಿದರೆ ವಾರಗಳು ಉಳಿಯುತ್ತವೆ.

ಬ್ಲಾಕ್‌ಗಳನ್ನು ಮನೆಗೇ ತಂದಿಟ್ಟುಕೊಳ್ಳಬೇಕೇ? ಆಸ್ಪತ್ರೆ ಮುಚ್ಚುವ ಸ್ಥಿತಿಯಲ್ಲಿದ್ದರೆ ಅಥವಾ ಸಂಗ್ರಹದ ಅವಧಿ ಮುಗಿಯುತ್ತಿದ್ದರೆ ಮಾತ್ರ. ಮನೆಯ ಕಪಾಟಿನ ಬಿಸಿಲು, ಇಲಿ, ಹುಳು ಮೇಣಕ್ಕೆ ಒಳ್ಳೆಯದಲ್ಲ, ಸಂಖ್ಯೆ ಅಳಿಸಿಹೋದ ಬ್ಲಾಕನ್ನು ಯಾವ ಲ್ಯಾಬೂ ನಂಬುವುದಿಲ್ಲ. ಕಳುಹಿಸಲೇಬೇಕಾದಾಗ ಎಲ್ಲ ಬ್ಲಾಕ್‌ಗಳನ್ನೂ ಒಂದೇ ಪೊಟ್ಟಣದಲ್ಲಿ ಕಳುಹಿಸಬೇಡಿ. ಒಂದು ಒಳ್ಳೆಯ ಗಡ್ಡೆ ಬ್ಲಾಕ್ ಮೂಲ ಲ್ಯಾಬ್‌ನಲ್ಲೇ ಉಳಿಯಲಿ. ಬೇಸಿಗೆಯಲ್ಲಿ ತಂಪು ಜೆಲ್ ಪ್ಯಾಕ್ ಇಟ್ಟು, ಕೊರಿಯರ್‌ನ ಟ್ರ್ಯಾಕಿಂಗ್ ಸಂಖ್ಯೆ ಪಡೆದು ಕಳುಹಿಸಿ. ಪರೀಕ್ಷೆ ಮುಗಿದ ಮೇಲೆ ಉಳಿದದ್ದನ್ನು ವಾಪಸ್ ಮಾಡಬೇಕೆಂದು ಕಳುಹಿಸುವ ಪತ್ರದಲ್ಲೇ ಬರೆಯಿರಿ. ಹಿಂತಿರುಗದ ಬ್ಲಾಕ್‌ಗಳ ಹಿಂದೆ ಯಾರೂ ಕೇಳದಿರುವುದೂ ಒಂದು ಕಾರಣ.

ಬಯೋಬ್ಯಾಂಕ್

ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಒಪ್ಪಿಗೆ ಪತ್ರದ ಜೊತೆ "ಉಳಿದ ಅಂಗಾಂಶವನ್ನು ಸಂಶೋಧನೆಗೆ ಬಳಸಲು ಒಪ್ಪುತ್ತೇನೆ" ಎಂಬ ಸಾಲೂ ಇರುತ್ತದೆ. ಇಲ್ಲಿ ಸಂಗ್ರಹದ ಗುಣಮಟ್ಟ ಸಾಮಾನ್ಯವಾಗಿ ತುಂಬ ಒಳ್ಳೆಯದು. ತರಬೇತಾದವರು ಆಪರೇಷನ್ ಥಿಯೇಟರ್ ಬಾಗಿಲಲ್ಲೇ ನಿಂತು ಮಾದರಿ ಪಡೆದು ನಿಮಿಷಗಳಲ್ಲಿ ಹೆಪ್ಪುಗಟ್ಟಿಸುತ್ತಾರೆ. ಆದರೆ ಅದು ದಾನ. ಮಾದರಿಗೆ ಹೆಸರು ತೆಗೆದು ಸಂಕೇತ ಸಂಖ್ಯೆ ಹಾಕುತ್ತಾರೆ, ಮುಂದೆ "ನನ್ನದು ಕೊಡಿ" ಎಂದರೆ ಕೊಡುವ ಬಾಧ್ಯತೆ ಇರುವುದಿಲ್ಲ. ದಾನ ಮಾಡುವುದು ಖಂಡಿತ ಒಳ್ಳೆಯ ಕೆಲಸ, ನಾಳಿನ ಔಷಧಿಗಳು ಹೀಗೆ ಕೊಟ್ಟ ತುಂಡುಗಳಿಂದಲೇ ಬರುತ್ತವೆ. ಅದನ್ನು ಸ್ವಂತ ಸಂಗ್ರಹ ಎಂದು ಭಾವಿಸದಿದ್ದರೆ ಸಾಕು.

ಸಹಿ ಹಾಕುವ ಮುನ್ನ ಒಂದನ್ನು ಕೇಳಿ: ರೋಗಿಯ ಸ್ವಂತ ಚಿಕಿತ್ಸೆಗೆ ಬೇಕಾದರೆ ಒಂದು ಭಾಗವನ್ನು ಹಿಂದಕ್ಕೆ ಪಡೆಯಲು ಅವಕಾಶವಿದೆಯೇ? ಕೆಲವು ಬಯೋಬ್ಯಾಂಕ್‌ಗಳು ಇದಕ್ಕೆ ಒಪ್ಪುತ್ತವೆ. ಒಪ್ಪಿದರೆ ಆ ಮಾತು ಒಪ್ಪಿಗೆ ಪತ್ರದಲ್ಲಿ ಬರಹದಲ್ಲಿರಲಿ.

ಖಾಸಗಿ ಶೀತಲ ಸಂಗ್ರಹ

ಈ ಸೇವೆಗಳ ಜಾಹೀರಾತು ಸಾಮಾನ್ಯವಾಗಿ "ನಿಮ್ಮ ಗಡ್ಡೆಯಿಂದ ನಿಮಗೇ ಔಷಧಿ" ಎನ್ನುತ್ತದೆ. ದುಡ್ಡು ಕೊಡುವ ಮುನ್ನ "ಹೆಪ್ಪುಗಟ್ಟಿಸುವುದು" ಎಂಬ ಒಂದೇ ಮಾತಿನ ಹಿಂದೆ ಇರುವ ಮೂರು ಬೇರೆ ಬೇರೆ ವಿಧಾನಗಳನ್ನು ತಿಳಿದಿರಬೇಕು. ಒಂದರಿಂದ ಇನ್ನೊಂದರ ಕೆಲಸ ಆಗುವುದಿಲ್ಲ.

ಮೊದಲ ವಿಧಾನ ಕ್ಷಣಾರ್ಧದ ಹೆಪ್ಪು. ಚಿಕ್ಕ ತುಂಡುಗಳನ್ನು ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್‌ನಲ್ಲಿ, ಅಥವಾ ಅದರಿಂದ ತಂಪಾಗಿಸಿದ ಐಸೋಪೆಂಟೇನ್ ದ್ರವದಲ್ಲಿ ಅದ್ದಿ, ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲೋ ನೈಟ್ರೋಜನ್ ಆವಿಯಲ್ಲೋ ಇಡುತ್ತಾರೆ. ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನು ಮೂರೂ ಫಾರ್ಮಲಿನ್ನಿನ ಹಾನಿಯಿಲ್ಲದೆ ಉಳಿಯುತ್ತವೆ. ಇಡೀ ಜೀನೋಮ್ ಓದುವುದಕ್ಕೆ, ಆರ್‌ಎನ್‌ಎ ಪರೀಕ್ಷೆಗೆ, ಪ್ರೋಟೀನು ಅಧ್ಯಯನಕ್ಕೆ ಇದೇ ಅತ್ಯುತ್ತಮ. ಕೋಶಗಳು ಮಾತ್ರ ಸತ್ತಿರುತ್ತವೆ.

ಎರಡನೆಯದು ಜೀವಂತ ಕೋಶಗಳ ಸಂಗ್ರಹ. ತುಂಡನ್ನು 1–2 ಮಿಲಿಮೀಟರ್ ಚೂರು ಮಾಡಿ, ಅಥವಾ ಎನ್‌ಜೈಮ್‌ನಿಂದ ಬಿಡಿ ಕೋಶಗಳನ್ನಾಗಿ ಬೇರ್ಪಡಿಸಿ, ಹೆಪ್ಪುಗಟ್ಟುವಾಗ ಕೋಶಗಳನ್ನು ಕಾಯುವ ಡಿಎಂಎಸ್‌ಒ ಸುಮಾರು 10% ಸೇರಿದ ದ್ರಾವಣದಲ್ಲಿ ನಿಮಿಷಕ್ಕೆ 1 ಡಿಗ್ರಿಯಂತೆ ನಿಧಾನವಾಗಿ ತಂಪಾಗಿಸುತ್ತಾರೆ. ಆಮೇಲೆ ಮೈನಸ್ 150 ಡಿಗ್ರಿಗಿಂತ ಕೆಳಗಿನ ನೈಟ್ರೋಜನ್ ಆವಿಯಲ್ಲಿ ಇಡುತ್ತಾರೆ. ಆರ್ಗನಾಯ್ಡ್ (ಲ್ಯಾಬ್‌ನಲ್ಲಿ ಕೋಶಗಳಿಂದ ಬೆಳೆಸುವ ಗಡ್ಡೆಯ ಪುಟ್ಟ ಮಾದರಿ) ಬೆಳೆಸಲು, ಔಷಧಿಗಳನ್ನು ಜೀವಂತ ಕೋಶಗಳ ಮೇಲೆ ಪ್ರಯೋಗಿಸಿ ನೋಡಲು ಇದು ಬೇಕು. ಇಂಥ ಕೋಶಗಳನ್ನು ಮೈನಸ್ 80ರಲ್ಲೇ ಬಿಟ್ಟರೆ ತಿಂಗಳುಗಳು ಕಳೆದಂತೆ ಸಾಯುತ್ತಾ ಹೋಗುತ್ತವೆ. "ಜೀವಂತ ಕೋಶ" ಎಂದು ಹೇಳಿಕೊಂಡು ಮೈನಸ್ 80 ಫ್ರೀಜರ್ ಮಾತ್ರ ಇರುವ ಸಂಸ್ಥೆಯನ್ನು ದೂರವಿಡಿ.

ಮೂರನೆಯದು ಆರ್‌ಎನ್‌ಎ ಸ್ಥಿರಗೊಳಿಸುವ ದ್ರಾವಣ. ತುಂಡಿನ ಒಂದು ಬದಿಯಾದರೂ 5 ಮಿಲಿಮೀಟರ್‌ಗಿಂತ ತೆಳ್ಳಗಿರಬೇಕು, ದ್ರಾವಣ ಐದರಿಂದ ಹತ್ತು ಪಟ್ಟು ಇರಬೇಕು. ಒಂದು ರಾತ್ರಿ 4 ಡಿಗ್ರಿಯಲ್ಲಿ ನೆನೆಸಿ ಆಮೇಲೆ ಹೆಪ್ಪುಗಟ್ಟಿಸುತ್ತಾರೆ. ನೈಟ್ರೋಜನ್ ಸಿಗದ ಆಸ್ಪತ್ರೆಗೆ ಇದು ನಿಜವಾದ ವರ. ಆದರೆ ಇದರಲ್ಲಿ ಕೋಶಗಳು ಬದುಕುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಮುಂದೆ ಏನಕ್ಕೆ ಬೇಕಾಗಬಹುದು ಎಂದು ಆಂಕಾಲಜಿಸ್ಟರೊಂದಿಗೆ ಮಾತಾಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಒಂದು ಉದಾಹರಣೆ: ಗಡ್ಡೆಯೊಳಗಿನ ಪ್ರತಿರೋಧ ಕೋಶಗಳನ್ನು ಬೆಳೆಸಿ ಹಿಂದಕ್ಕೆ ಕೊಡುವ ಟಿಲ್ ಚಿಕಿತ್ಸೆ. ಲೈಫಿಲ್ಯೂಸೆಲ್ ಎಂಬ ಟಿಲ್ ಉತ್ಪನ್ನಕ್ಕೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆ ಒಪ್ಪಿಗೆ ಕೊಟ್ಟಿತು. ಅದಕ್ಕೆ ಬೇಕಾದ ಗಡ್ಡೆಯನ್ನು ಚಿಕಿತ್ಸೆಯ ಸಮಯದಲ್ಲೇ ತೆಗೆದು, ತಾಜಾ ಇರುವಾಗಲೇ, ತಯಾರಕರ ಕಿಟ್‌ನಲ್ಲಿ ಅವರ ಘಟಕಕ್ಕೆ ಕಳುಹಿಸುತ್ತಾರೆ. ಹಿಂದೆಂದೋ ಬೇರೆ ಕಂಪನಿಯಲ್ಲಿ ಹೆಪ್ಪುಗಟ್ಟಿಸಿಟ್ಟ ತುಂಡನ್ನು ಅಲ್ಲಿಗೆ ಕೊಡುವ ಕ್ರಮವಿಲ್ಲ. ಹಾಗಾಗಿ "ಟಿಲ್ ಚಿಕಿತ್ಸೆಗಾಗಿ ಈಗಲೇ ಉಳಿಸಿ" ಎಂಬ ಮಾರಾಟದ ಮಾತಿಗೆ ಬೆಲೆ ಕೊಡಬೇಡಿ. ಕ್ಯಾನ್ಸರ್ ಲಸಿಕೆ ಟ್ರಯಲ್‌ಗಳ ಕಥೆಯೂ ಹಾಗೆಯೇ. ಗಡ್ಡೆಯನ್ನೇ ಅರೆದು ಬಳಸುವಂಥವಕ್ಕೆ ಫಾರ್ಮಲಿನ್ ಸೋಕದ, ಸೋಂಕಿಲ್ಲದ, ಅವರದೇ ವಿಧಾನದಲ್ಲಿ ಸಂಗ್ರಹಿಸಿದ ಅಂಗಾಂಶ ಬೇಕು. ಜೀನ್ ಓದಿ ತಯಾರಿಸುವಂಥ ಕೆಲವಕ್ಕೆ ಮೇಣದ ಬ್ಲಾಕ್ ಸಾಕು. ನಿರ್ದಿಷ್ಟ ಟ್ರಯಲ್ ಮನಸ್ಸಿನಲ್ಲಿದ್ದರೆ ಆಪರೇಷನ್ನಿಗೆ ಮೊದಲು ಆ ಟ್ರಯಲ್‌ನ ಸಂಯೋಜಕರನ್ನೇ ಕೇಳಿ.

ಯಾರಿಗೆ ಬೇಡ ಎಂದೂ ಹೇಳಬೇಕು. ಚರ್ಮದ ಮೊದಲ ಮೆಲನೋಮದಲ್ಲಿ ಆಳವನ್ನು ಮಿಲಿಮೀಟರ್‌ನ ಹತ್ತನೇ ಭಾಗದವರೆಗೆ ಅಳೆಯಬೇಕಿರುವುದರಿಂದ ಇಡೀ ತುಂಡು ರೋಗನಿರ್ಣಯಕ್ಕೇ ಬೇಕು. 1 ಸೆಂಟಿಮೀಟರ್‌ಗಿಂತ ಚಿಕ್ಕ ಗಡ್ಡೆಗಳಲ್ಲೂ ಪೆಥಾಲಜಿಸ್ಟರು ಸಾಮಾನ್ಯವಾಗಿ ಬೇಡ ಎನ್ನುತ್ತಾರೆ, ಅವರ ಮಾತು ಸರಿ. ರೋಗದ ಹಂತ ಮತ್ತು ಅಂಚಿನಲ್ಲಿ ಗಡ್ಡೆ ಇದೆಯೇ ಎಂಬುದು ತಪ್ಪಾಗಿ ತಿಳಿದರೆ ಆಗುವ ಕೇಡಿಗೆ ಯಾವ ಸಂಗ್ರಹವೂ ಸಮನಲ್ಲ. ಆರಂಭದ ಹಂತದಲ್ಲಿದ್ದು ಆಪರೇಷನ್ನಿನಿಂದಲೇ ಗುಣವಾಗುವ ಸಾಧ್ಯತೆ ಹೆಚ್ಚಿರುವವರಿಗೂ ಈ ಖರ್ಚು ಅನಗತ್ಯ. ಸಂಗ್ರಹಕ್ಕಾಗಿ ಆಪರೇಷನ್ ಮುಂದೂಡುವುದಂತೂ ಯಾವ ಸ್ಥಿತಿಯಲ್ಲೂ ಕೂಡದು. ಅಪರೂಪದ ಕ್ಯಾನ್ಸರ್, ಮೂಳೆ ಸ್ನಾಯುಗಳಂಥ ಅಂಗಾಂಶದ ಸಾರ್ಕೋಮ, ಮಿದುಳಿನ ಗ್ಲಿಯೋಬ್ಲಾಸ್ಟೋಮ, ಮರುಕಳಿಸಿದ ಅಥವಾ ಹರಡಿದ ರೋಗ, ನಿಗದಿತ ಚಿಕಿತ್ಸೆಗಳು ಬೇಗ ಮುಗಿದುಹೋಗುವ ಸ್ಥಿತಿ: ಇಲ್ಲಿ ಮಾತ್ರ ಯೋಚಿಸಬಹುದಾದದ್ದು ಎಂಬುದು ನಮ್ಮ ಅಭಿಪ್ರಾಯ. ಮಿದುಳಿನ ಆಪರೇಷನ್‌ಗಳಲ್ಲಿ ಅಲ್ಟ್ರಾಸಾನಿಕ್ ಆಸ್ಪಿರೇಟರ್ ಹೀರಿ ತೆಗೆದ ಅಂಗಾಂಶವನ್ನೂ ಶುದ್ಧ ಬಾಟಲಿಯಲ್ಲಿ ಹಿಡಿದಿಡಬಹುದು. ಹೊಟ್ಟೆಯಿಂದ, ಎದೆಯಿಂದ ತೆಗೆದು ಚೆಲ್ಲುವ ನೀರಿನಲ್ಲೂ ಕ್ಯಾನ್ಸರ್ ಕೋಶಗಳಿರಬಹುದು, ಅದನ್ನು ಕೇಳುವವರೇ ಇಲ್ಲ.

ವೈದ್ಯರ ತಂಡದೊಂದಿಗೆ ಹೊಂದಿಸುವುದು

ಖಾಸಗಿ ಸಂಗ್ರಹ ಬೇಕೆಂದಿದ್ದರೆ, ಸಾಧ್ಯವಾದರೆ ಆಪರೇಷನ್ನಿಗೆ ಎರಡು ವಾರ ಮೊದಲು ಶುರು ಮಾಡಿ. ಮೊದಲ ಮಾತು ಸರ್ಜನ್ ಜೊತೆ: ಸ್ಕ್ಯಾನ್ ಪ್ರಕಾರ ಗಡ್ಡೆ ಎಷ್ಟು ದೊಡ್ಡದು, ಹೆಚ್ಚುವರಿ ಸಿಗುವಷ್ಟಿದೆಯೇ? 1 ಸೆಂಟಿಮೀಟರ್ ಘನವೆಂದರೆ ಸುಮಾರು 1 ಗ್ರಾಂ, ಅರ್ಧ ಸೆಂಟಿಮೀಟರ್ ಘನವೆಂದರೆ ಸುಮಾರು 125 ಮಿಲಿಗ್ರಾಂ. ಜೀನ್ ಪರೀಕ್ಷೆಗಳಿಗೆ ಅರ್ಧ ಸೆಂಟಿಮೀಟರ್‌ನ ನಾಲ್ಕೈದು ತುಂಡು ಸಾಕು. ಜೀವಂತ ಕೋಶಗಳ ಬಳಕೆಗೆ ಗ್ರಾಂ ಲೆಕ್ಕದಲ್ಲಿ ಬೇಕಾಗಬಹುದು.

ಎರಡನೇ ಮಾತು ಪೆಥಾಲಜಿಯೊಂದಿಗೆ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ, ಕೆಲಸ ಕೆಡುವುದೂ ಇಲ್ಲೇ. ಗಡ್ಡೆಯನ್ನು ಕೊಯ್ಯುವ ಅಧಿಕಾರ ಪೆಥಾಲಜಿಸ್ಟರದು. ಅವರಿಗೆ ಮುಂಚೆ ತಿಳಿಯದಿದ್ದರೆ ಸರ್ಜನ್ ಒಪ್ಪಿದ್ದೂ ವ್ಯರ್ಥ. ಆ ಹೊತ್ತಿಗೆ ಯಾರು ಕರ್ತವ್ಯದಲ್ಲಿರುತ್ತಾರೆ, ತುಂಡು ಯಾರು ಕೊಯ್ದು ಕೊಡುತ್ತಾರೆ, ಸಂಗ್ರಹ ಸಂಸ್ಥೆ ಕಳುಹಿಸಿದ ಟ್ಯೂಬ್‌ಗಳ ಕಿಟ್ ಯಾರ ಕೈಯಲ್ಲಿರುತ್ತದೆ ಎಂಬ ಮೂರು ಹೆಸರು ಗೊತ್ತಾಗಬೇಕು. ಸಂಸ್ಥೆಯ ಸಂಯೋಜಕರೇ ಲ್ಯಾಬ್‌ಗೆ ಫೋನ್ ಮಾಡಿ ಇದನ್ನು ಹೊಂದಿಸಬೇಕು. ಅದನ್ನು ರೋಗಿಯ ತಲೆಗೆ ಕಟ್ಟುವ ಸಂಸ್ಥೆ ತನ್ನ ಶುಲ್ಕಕ್ಕೆ ತಕ್ಕ ಕೆಲಸ ಮಾಡುತ್ತಿಲ್ಲ.

ಮೂರನೆಯದು ಬರಹ. ಥಿಯೇಟರ್‌ನಲ್ಲಿ ಗಡ್ಡೆ ಹೊರಬಂದ ಕೂಡಲೇ ಫಾರ್ಮಲಿನ್ ಡಬ್ಬಿಗೆ ಹಾಕುವುದು ನರ್ಸ್‌ಗಳ ಕೈಗೆ ಒಗ್ಗಿದ ಕ್ರಮ, ಅದು ಅವರ ತಪ್ಪಲ್ಲ. ಖಾಸಗಿ ಸಂಗ್ರಹ ವಿಫಲವಾಗುವ ಒಂದು ಮುಖ್ಯ ಕಾರಣವೂ ಇದೇ. ಫಾರ್ಮಲಿನ್ ಒಮ್ಮೆ ಸೋಕಿದರೆ ಹಿಂದಕ್ಕೆ ಬರುವ ದಾರಿಯಿಲ್ಲ. ಆಪರೇಷನ್ ಆದೇಶದಲ್ಲೂ ಪೆಥಾಲಜಿ ಫಾರ್ಮಿನಲ್ಲೂ ಹೀಗೆ ಬರೆಸಿ: "ಮಾದರಿಯನ್ನು ಫಾರ್ಮಲಿನ್‌ಗೆ ಹಾಕಬೇಡಿ. ತಾಜಾ ಸ್ಥಿತಿಯಲ್ಲಿ, ತಂಪಾಗಿಟ್ಟು, ಕೂಡಲೇ ಪೆಥಾಲಜಿಗೆ ಕಳುಹಿಸಿ. ರೋಗನಿರ್ಣಯಕ್ಕೆ ಬೇಕಾದದ್ದನ್ನು ತೆಗೆದ ಮೇಲೆ ಉಳಿದ ಗಡ್ಡೆಯ ಭಾಗವನ್ನು ಜೊತೆಗಿರುವ ಕಿಟ್‌ಗೆ ಕೊಡಿ." ಎರಡನೇ ವಾಕ್ಯ ಇಲ್ಲದಿದ್ದರೆ ತಾಜಾ ಗಡ್ಡೆ ಟ್ರೇಯಲ್ಲೇ ಗಂಟೆಗಟ್ಟಲೆ ಬಿದ್ದಿರುತ್ತದೆ. ಮೂರನೇ ವಾಕ್ಯ ಇಲ್ಲದಿದ್ದರೆ ಪೆಥಾಲಜಿಸ್ಟರು ನ್ಯಾಯವಾಗಿಯೇ ನಿರಾಕರಿಸುತ್ತಾರೆ.

ಕಿಟ್ ಎರಡು ದಿನ ಮೊದಲೇ ಬಂದಿರಲಿ. ಬಂದ ಕೂಡಲೇ ತೆರೆದು ನೋಡಿ: ದ್ರಾವಣದ ಅವಧಿ ಮುಗಿದಿಲ್ಲವೇ, ಟ್ಯೂಬ್‌ಗಳಿಗೆ ಹೆಸರು ಮತ್ತು ಸಂಖ್ಯೆಯ ಚೀಟಿ ಇದೆಯೇ, ಹೆಪ್ಪುಗಟ್ಟಿಸಬೇಕಾದ ಜೆಲ್ ಪ್ಯಾಕ್‌ಗಳನ್ನು ಫ್ರೀಜರ್‌ಗೆ ಇಟ್ಟಾಯಿತೇ. ತಾಜಾ ಅಂಗಾಂಶ ಸಾಗಿಸುವ ದ್ರಾವಣದಲ್ಲಿ ತುಂಡು 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಜೆಲ್ ಪ್ಯಾಕಿಗೆ ನೇರವಾಗಿ ತಾಗಿದ ಟ್ಯೂಬ್‌ನಲ್ಲಿ ಮಂಜುಹರಳು ಕಟ್ಟಿ ಕೋಶಗಳು ಸಾಯುತ್ತವೆ, ಆದ್ದರಿಂದ ನಡುವೆ ಒಂದು ಪದರ ಹೊದಿಕೆ ಬೇಕು. ಇಂಥ ಮಾದರಿ 24 ಗಂಟೆಯೊಳಗೆ ಸಂಸ್ಥೆಯ ಲ್ಯಾಬ್ ಸೇರಿದರೆ ಒಳ್ಳೆಯದು. 48 ಗಂಟೆ ಎಂಬ ಮಾತು ಕಾಗದದ ಮೇಲಿದ್ದರೂ ಅದನ್ನು ಕೊನೆಯ ಗಡುವೆಂದೇ ನೋಡಿ.

ಯಾವ ಭಾಗ ಕೊಯ್ಯಬೇಕೆಂಬುದೂ ಮುಖ್ಯ. ದೊಡ್ಡ ಗಡ್ಡೆಯ ನಡುಭಾಗ ರಕ್ತ ಸಿಗದೆ ಸತ್ತಿರುವುದುಂಟು, ಬಿಳಿಚಿ ಮೆತ್ತಗಾದ ಆ ಭಾಗ ಯಾವುದಕ್ಕೂ ಬಾರದು. ಅಂಚಿಗೆ ಹತ್ತಿರದ ಗಟ್ಟಿ ಗಡ್ಡೆಯೇ ಬೇಕು, ಆದರೆ ಬಣ್ಣ ಹಚ್ಚಿದ ಅಂಚನ್ನು ಮುಟ್ಟಬಾರದು. ಹೆಪ್ಪುಗಟ್ಟಿಸುವ ತುಂಡಿನ ಪಕ್ಕದ್ದನ್ನೇ ಒಂದು ಮೇಣದ ಬ್ಲಾಕ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಟ್ಯೂಬ್‌ನೊಳಗೆ ನಿಜಕ್ಕೂ ಗಡ್ಡೆ ಇದೆಯೇ ಎಂದು ಗೊತ್ತಾಗುತ್ತದೆ. ಇದನ್ನು ಮಾಡದ ಸಂಸ್ಥೆಗಳು ವರ್ಷಗಟ್ಟಲೆ ಬಾಡಿಗೆ ಪಡೆದು ಬರೀ ಕೊಬ್ಬನ್ನು ಕಾಯುತ್ತಿರಬಹುದು. ಪ್ರತಿ ತುಂಡೂ ಬೇರೆ ಟ್ಯೂಬ್‌ನಲ್ಲಿರಲಿ. ಒಂದೇ ದೊಡ್ಡ ತುಂಡಾದರೆ ಪ್ರತಿ ಬಳಕೆಗೂ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಬೇಕಾಗುತ್ತದೆ, ಅಷ್ಟರಲ್ಲಿ ಆರ್‌ಎನ್‌ಎ ಹಾಳು. ಮನೆಯ ಫ್ರೀಜರ್‌ಗಂತೂ ತರಲೇಬೇಡಿ. ಅಲ್ಲಿ ನಿಧಾನವಾಗಿ ಹೆಪ್ಪುಗಟ್ಟುವುದರಿಂದ ಮಂಜಿನ ಹರಳುಗಳು ಕೋಶಗಳನ್ನು ಸೀಳುತ್ತವೆ.

ಕೋಶಗಳನ್ನು ಬೆಳೆಸುವ ಉದ್ದೇಶವಿದ್ದರೆ ತುಂಡನ್ನು ಥಿಯೇಟರ್ ಒಳಗೇ ಶುದ್ಧ ಉಪಕರಣದಿಂದ ಕೊಯ್ಯಬೇಕು, ಪೆಥಾಲಜಿಯ ಮೇಜು ಸೋಂಕುರಹಿತವಲ್ಲ. ಕರುಳಿನ ಗಡ್ಡೆಯಲ್ಲಿ ಬ್ಯಾಕ್ಟೀರಿಯಾ ತಪ್ಪಿದ್ದಲ್ಲ, ಹಾಗಾಗಿ ಅಲ್ಲಿ ಈ ವಿಧಾನ ಸೋಲುವ ಸಾಧ್ಯತೆ ಹೆಚ್ಚು. ಇದನ್ನು ಸಂಸ್ಥೆಯವರು ಮುಂಚೆಯೇ ಹೇಳಬೇಕು.

ಜೊತೆಗೆ ಇಡಿಟಿಎ ಟ್ಯೂಬ್‌ನಲ್ಲಿ ಸುಮಾರು 10 ಮಿಲಿಲೀಟರ್ ರಕ್ತವನ್ನೂ ತೆಗೆದಿಡಿಸಿ. ಗಡ್ಡೆಯ ಡಿಎನ್‌ಎಯಲ್ಲಿ ಯಾವ ಬದಲಾವಣೆ ಹುಟ್ಟಿನಿಂದ ಬಂದದ್ದು, ಯಾವುದು ಗಡ್ಡೆಯದು ಎಂದು ಬೇರ್ಪಡಿಸಲು ಹೋಲಿಕೆಗೆ ಇದು ಬೇಕು. ಹೆಚ್ಚಿನ ಸಂಸ್ಥೆಗಳು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ವರದಿಗಳನ್ನೂ ಕೇಳುತ್ತವೆ, ಅವು ಸಿದ್ಧವಿರಲಿ.

ಸಾಗಾಟದಲ್ಲಿ ಮೂರು ಪದರದ ಪೊಟ್ಟಣ ಕಡ್ಡಾಯ: ಸೋರದ ಟ್ಯೂಬ್, ಹೀರುವ ಹಾಳೆಯಿರುವ ಎರಡನೇ ಸೋರದ ಚೀಲ, ಗಟ್ಟಿಯಾದ ಹೊರಪೆಟ್ಟಿಗೆ, ಅದರ ಮೇಲೆ ಯುಎನ್ 3373 ಗುರುತು. ಹೆಪ್ಪುಗಟ್ಟಿದ್ದಾದರೆ ಮೈನಸ್ 78.5 ಡಿಗ್ರಿಯ ಡ್ರೈ ಐಸ್, ಅದಕ್ಕೆ ಯುಎನ್ 1845 ಗುರುತು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ದಿನಕ್ಕೆ 2ರಿಂದ 4 ಕೆಜಿ ಡ್ರೈ ಐಸ್ ಆವಿಯಾಗಿಹೋಗುತ್ತದೆ, ಒಂದು ದಿನ ತಡವಾದರೂ ಉಳಿಯುವಷ್ಟು ಹಾಕಬೇಕು. ಪೆಟ್ಟಿಗೆಯನ್ನು ಗಾಳಿಯಾಡದಂತೆ ಟೇಪ್ ಸುತ್ತಿದರೆ ಅನಿಲದ ಒತ್ತಡಕ್ಕೆ ಸಿಡಿಯಬಹುದು. ಜೀವಂತ ಕೋಶಗಳಿಗೆ ಡ್ರೈ ಐಸ್ ಸಾಲದು, ನೈಟ್ರೋಜನ್ ಹೀರಿಕೊಂಡ ಡ್ರೈ ಶಿಪ್ಪರ್ ಬೇಕು. ಒಳಗೊಂದು ಉಷ್ಣತೆ ದಾಖಲಿಸುವ ಲಾಗರ್ ಇರಲಿ, ತಲುಪಿದ ಮೇಲೆ ಅದರ ದಾಖಲೆಯ ಪ್ರತಿ ಕೇಳಿ ಪಡೆಯಿರಿ.

ಒಪ್ಪಂದದಲ್ಲಿ ನೋಡಬೇಕಾದದ್ದು

ಮಾನ್ಯತೆಯಿಂದ ಶುರುಮಾಡಿ. ಬಯೋಬ್ಯಾಂಕ್‌ಗಳಿಗೆಂದೇ 2018ರಲ್ಲಿ ಬಂದ ಐಎಸ್‌ಒ 20387 ಮಾನದಂಡ ಅಥವಾ ಅದಕ್ಕೆ ಸಮನಾದದ್ದು ಇದೆಯೇ? ನೈಟ್ರೋಜನ್ ಮಟ್ಟ ಇಳಿದರೆ ಎಚ್ಚರಿಸುವ ಅಲಾರಂಗೆ ರಾತ್ರಿ ಎರಡು ಗಂಟೆಗೆ ಓಡಿ ಬರುವವರು ಯಾರು? ಟ್ಯೂಬ್‌ಗಳಲ್ಲಿ ಅರ್ಧವನ್ನಾದರೂ ಬೇರೆ ಟ್ಯಾಂಕಿನಲ್ಲಿ, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ ಇಡುತ್ತಾರೆಯೇ? ಇವಕ್ಕೆ ನೇರ ಉತ್ತರ ಬರದಿದ್ದರೆ ಮುಂದೆ ಓದುವ ಅಗತ್ಯವಿಲ್ಲ.

ವಾರ್ಷಿಕ ಬಾಡಿಗೆಯನ್ನು ಎಲ್ಲರೂ ಹೋಲಿಸುತ್ತಾರೆ. ಹೋಲಿಸಬೇಕಾದದ್ದು ಬಿಡುಗಡೆಯ ಶುಲ್ಕ, ಸಾಗಾಟದ ಖರ್ಚು, ಒಂದು ಟ್ಯೂಬ್ ಮಾತ್ರ ಹೊರತೆಗೆದರೆ ಎಷ್ಟು ಎಂಬುದು. ಅಂಗಾಂಶದ ಒಡೆತನ ರೋಗಿಯದೇ ಎಂದು ಸ್ಪಷ್ಟವಾಗಿ ಬರೆದಿರಬೇಕು. ಬಾಡಿಗೆ ತಪ್ಪಿದರೆ ನಾಶ ಮಾಡುವ ಮೊದಲು ಎಷ್ಟು ದಿನ ಕಾಯುತ್ತಾರೆ, ಸಂಸ್ಥೆ ಮುಚ್ಚಿದರೆ ಅಥವಾ ಮಾರಾಟವಾದರೆ ಟ್ಯೂಬ್‌ಗಳು ಎಲ್ಲಿಗೆ ಹೋಗುತ್ತವೆ ಎಂಬುದೂ ಬರಹದಲ್ಲಿ ಇರಲಿ. ಮಾದರಿ ಬಂದ ಮೇಲೆ ಅದು ಬಳಕೆಗೆ ಯೋಗ್ಯವಲ್ಲವೆಂದು ಗೊತ್ತಾದರೆ ಹಣ ವಾಪಸ್ ಬರುತ್ತದೆಯೇ ಎಂಬ ಷರತ್ತನ್ನು ಬಹಳ ಒಪ್ಪಂದಗಳು ಮುಟ್ಟುವುದೇ ಇಲ್ಲ, ನೀವಾಗಿ ಸೇರಿಸಿ ಎನ್ನಬೇಕು.

ರೋಗಿ ಮಾತಾಡುವ ಸ್ಥಿತಿಯಲ್ಲಿ ಇಲ್ಲದಾಗ ಬಿಡುಗಡೆಗೆ ಸಹಿ ಹಾಕುವವರು ಯಾರು ಎಂಬ ನಾಮನಿರ್ದೇಶನವನ್ನು ಆಪರೇಷನ್ನಿಗೆ ಮೊದಲೇ ಮುಗಿಸಿ. ರೋಗಿ ತೀರಿಕೊಂಡರೆ ಅಂಗಾಂಶವನ್ನು ಕುಟುಂಬದವರ ಜೀನ್ ಪರೀಕ್ಷೆಗೆ ಕೊಡಬೇಕೋ, ಸಂಶೋಧನೆಗೋ, ನಾಶ ಮಾಡಬೇಕೋ ಎಂಬ ಆಯ್ಕೆಯೂ ಅದೇ ಹಾಳೆಯಲ್ಲಿ ಇರಲಿ. ಒಪ್ಪಂದದ ಪ್ರತಿ, ಪ್ರತಿ ಟ್ಯೂಬ್‌ನ ಸಂಖ್ಯೆ, ಮೇಣದ ಬ್ಲಾಕ್‌ಗಳ ಪಟ್ಟಿ ಈ ಮೂರನ್ನೂ ಪೆಥಾಲಜಿ ವರದಿಯ ಜೊತೆ ಒಂದೇ ಫೈಲಿನಲ್ಲಿ ಸೇರಿಸಿ, ಒಂದು ನಕಲನ್ನು ಆಂಕಾಲಜಿಸ್ಟರ ಕಡತಕ್ಕೂ ಕೊಡಿ.